ತಂತಿಗೆ ಎಷ್ಟು ಹತ್ತಿರ

ಫೆಬ್ರವರಿ 3, ಸೋಮವಾರ

ಇವರ ಅಮ್ಮ ಬಂದಿಳಿದರು. ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಅವರ ಗಿಟಾರಿನ ಪೆಟ್ಟಿಗೆ ಕೂತಿತ್ತು, ಹಿಂದಿನ ಸೀಟಿನಲ್ಲಿ ಅವರು. ಇವರು ಓಡಿಹೋಗಿ ಕೈ ಹಿಡಿಯಲು ನೋಡಿದರೆ, "ನನ್ನನ್ನ ಬಿಡು, ಮೊದಲು ಅದನ್ನ ಇಳಿಸು" ಎಂದು ಗದರಿದರು.

ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಹೋದ ವಾರ ಪ್ಲಾಸ್ಟರ್ ಬಿಚ್ಚಿದ್ದಾರೆ. ಅವರ ಮನೆ ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಮ್ಮ ಮನೆಯಿಂದ ಫಿಸಿಯೋಥೆರಪಿಗೆ ಎರಡೇ ಬೀದಿ. ಹಾಗಾಗಿ ಆರು ವಾರ ನಮ್ಮಲ್ಲೇ ಬಿಡಾರ. ಮಾರ್ಚ್ 16ಕ್ಕೆ ಅವರ ಆರ್ಕೆಸ್ಟ್ರಾಗೆ ನಲವತ್ತು ವರ್ಷ ತುಂಬುತ್ತದೆ. ಮೊದಲ ದಿನದಿಂದಲೂ ಅಲ್ಲಿ ಲೀಡ್ ಗಿಟಾರ್ ಅವರದೇ. ಅಷ್ಟರೊಳಗೆ ಕೈ ಪಳಗಬೇಕು, ವೇದಿಕೆ ಹತ್ತಬೇಕು. ಬಂದಾಗಿನಿಂದ ಇದೊಂದೇ ಜಪ.

ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಎಲೆಕ್ಟ್ರಿಕ್ ಗಿಟಾರ್ ರಿಪೇರಿ ಮಾಡುವುದು, ತಂತಿಯ ಕಂಪನ ಹಿಡಿದು ಸದ್ದಾಗಿಸುವ ಪಿಕಪ್ ಸುತ್ತಿಕೊಡುವುದು ನನ್ನ ಕಸುಬು. ಒಳಗೆ ಕಾಲಿಡುತ್ತಲೇ ಹೇಳಿದರು: "ನೋಡಮ್ಮ, ನನ್ನ ಗಿಟಾರ್ ನಿನ್ನ ಮೇಜಿನ ಮೇಲೆ ಬರಬಾರದು. ನಲವತ್ತು ವರ್ಷದಿಂದ ಅದರ ಒಂದು ಸ್ಕ್ರೂ ಕೂಡ ಯಾರೂ ಮುಟ್ಟಿಲ್ಲ." ನಾನು ಆಗಲಿ ಎಂದೆ. ಇವರು ಅಡಕತ್ತರಿಯಲ್ಲಿ ಸಿಕ್ಕವರ ಹಾಗೆ ನಿಂತು ಚಾವಣಿ ನೋಡುತ್ತಿದ್ದರು.

ಮದುವೆಯಾಗಿ ಹನ್ನೊಂದು ವರ್ಷ. ಅತ್ತೆ ಸೊಸೆ ಒಂದೇ ಸೂರಿನಡಿ ಒಂದು ವಾರಕ್ಕಿಂತ ಹೆಚ್ಚು ಇದ್ದಿದ್ದಿಲ್ಲ, ಆದ್ದರಿಂದಲೇ ಜಗಳವೂ ಆಗಿಲ್ಲ. ಇನ್ನು 41 ದಿನ.

ಫೆಬ್ರವರಿ 5, ಬುಧವಾರ

ಇವರ ಅಮ್ಮ ಅಂಗಡಿಯ ಮೂಲೆಯ ಕುರ್ಚಿಯನ್ನು ವಶಪಡಿಸಿಕೊಂಡಿದ್ದಾರೆ. ಬಂದವರನ್ನೆಲ್ಲ ಮೇಲಿಂದ ಕೆಳಗೆ ನೋಡುವುದು, ನಾನು ಹೇಳಿದ್ದಕ್ಕೆಲ್ಲ ಮೂಗಿನಲ್ಲೇ "ಹೂಂ" ಎನ್ನುವುದು.

ಇವತ್ತು ಇಬ್ಬರು ಗಿರಾಕಿಗಳು, ಇಬ್ಬರಿಗೂ ಹೊಸ ಪಿಕಪ್ ಬೇಕು. ಯಾರೇ ಬರಲಿ, ನಾನು ಮೊದಲು ಮೂರು ಪ್ರಶ್ನೆ ಕೇಳುತ್ತೇನೆ. ಎಲ್ಲಿ ನುಡಿಸುತ್ತೀರಿ? ಎಷ್ಟು ಜೋರಾಗಿ ಮೀಟುತ್ತೀರಿ? ಯಾವ ಸದ್ದು ಕೇಳಿದರೆ ಮೈ ಉರಿಯುತ್ತದೆ? ಮೂರನೆಯದಕ್ಕೆ ಜನ ಸುಳ್ಳು ಹೇಳುವುದಿಲ್ಲ.

ಮೊದಲು ಬಂದವರು ಹಲ್ಲಿನ ಡಾಕ್ಟರು. ನುಡಿಸುವುದು ಮನೆಯಲ್ಲಿ, ಒಬ್ಬರೇ, ಬೆರಳ ತುದಿಯಿಂದ. ಮೈ ಉರಿಯುವ ಸದ್ದು? "ಬಾಯಿ ತುಂಬ ಹತ್ತಿ ಇಟ್ಕೊಂಡು ಮಾತಾಡ್ತಾರಲ್ಲ, ಆ ಸದ್ದು. ದಿನವಿಡೀ ಅದೇ ಕೇಳಿ ಸಾಕಾಗಿದೆ." ಅವರಿಗೆ ಸಿಂಗಲ್ ಕಾಯಿಲ್ ಎಂದೆ. ಆರು ಮ್ಯಾಗ್ನೆಟ್, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆ ಏಳೆಂಟು ಸಾವಿರ ಸುತ್ತು. ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಆಂಪ್ ಜೋರು ಮಾಡಿದರೆ ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತದೆ, ಅದೊಂದನ್ನು ಸಹಿಸಬೇಕು.

ಆಮೇಲೆ ಲೈಬ್ರರಿಯಲ್ಲಿ ಕೆಲಸ ಮಾಡುವಾಕೆ. ವಾರವೆಲ್ಲ ಪಿಸುಮಾತಿನಲ್ಲಿ ಬದುಕಿ ಶನಿವಾರ ಗೆಳತಿಯರ ಜೊತೆ ಗ್ಯಾರೇಜಿನ ತಗಡು ಹಾರಿಹೋಗುವ ಹಾಗೆ ನುಡಿಸುತ್ತಾಳೆ. ಅವಳಿಗೆ ತೆಳು ಸದ್ದು ಕಂಡರೆ ಆಗದು. ಎರಡು ಕಾಯಿಲ್ ಜೋಡಿಸಿದ ಹಂಬಕರ್ ಕೊಡುತ್ತೇನೆಂದೆ. ಅದರಲ್ಲಿ ಗುಂಯ್ ಎನ್ನುವುದು ಅಳಿಸಿಹೋಗುತ್ತದೆ, ಸದ್ದು ಗಟ್ಟಿ ಮೊಸರಿನ ಹಾಗೆ ದಪ್ಪಗೆ ಬರುತ್ತದೆ.

ಇಬ್ಬರೂ ಹೋದ ಮೇಲೆ ಮೂಲೆಯಿಂದ ತೀರ್ಪು ಬಂತು. "ಸದ್ದು ಇರೋದು ಕೈಯಲ್ಲಿ. ಡಬ್ಬಿಯಲ್ಲಿ ಅಲ್ಲ."

"ಕೈಗೆ ತಕ್ಕ ಡಬ್ಬಿ ಬೇಡವಾ ಅತ್ತೆ?"

"ನನ್ನ ಕೈಗೆ ಬೇಡ."

ಫೆಬ್ರವರಿ 11, ಮಂಗಳವಾರ

ಇವತ್ತು ಮೊದಲ ಸಲ ಪೆಟ್ಟಿಗೆ ತೆಗೆದರು. ಬಾಗಿಲು ಹಾಕಿಕೊಂಡು ಶುರುಮಾಡಿದರು. ಗೋಡೆಯ ಈಚೆ ನಾನು ಕೆಲಸ ನಿಲ್ಲಿಸಿ ಕೂತೆ.

ಮದುವೆಯ ಹೊಸತರಲ್ಲಿ ಒಮ್ಮೆ ಅವರ ಕಾರ್ಯಕ್ರಮ ಕೇಳಿದ್ದೆ. ತಂತಿ ಮೀಟಿದರೆ ಯಾರೋ ಬಾಗಿಲು ಬಡಿದ ಹಾಗಿತ್ತು, ಕೂತವರು ಎದ್ದು ನಿಲ್ಲಬೇಕು. ಇವತ್ತು ಕೇಳಿದ್ದು ಆ ಕೈಯಲ್ಲ. ಸ್ವರಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು, ಆದರೆ ಬಡಿತವಿರಲಿಲ್ಲ. ಅವರದು ಸಿಂಗಲ್ ಕಾಯಿಲ್, ಕೈ ಕೊಟ್ಟಷ್ಟೇ ವಾಪಸು ಕೊಡುತ್ತದೆ, ಒಂದು ಗುಲಗಂಜಿಯೂ ಹೆಚ್ಚಿಲ್ಲ. ಹತ್ತು ನಿಮಿಷಕ್ಕೆ ನಿಂತುಹೋಯಿತು. ಊಟಕ್ಕೆ ಕರೆದಾಗ ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು.

ಪಾಪ ಅನ್ನಿಸಿತು. ಇನ್ನು 33 ದಿನ.

ಫೆಬ್ರವರಿ 14, ಶುಕ್ರವಾರ

ಮಾಡಬಾರದ ಕೆಲಸ ಮಾಡಿದೆ. ಒಳ್ಳೆಯದಕ್ಕೇ ಮಾಡಿದೆ.

ಬೆಳಿಗ್ಗೆ ಇವರು ಅಮ್ಮನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋದರು. ನಾನು ಪೆಟ್ಟಿಗೆ ತೆಗೆದೆ. ಪಿಕಪ್‌ನ ಎರಡು ಬದಿಗೂ ಒಂದೊಂದು ಸ್ಕ್ರೂ ಇರುತ್ತದೆ, ತಿರುಗಿಸಿದರೆ ಪಿಕಪ್ ಮೇಲೆ ಬಂದು ತಂತಿಗೆ ಹತ್ತಿರವಾಗುತ್ತದೆ. ಹತ್ತಿರವಾದಷ್ಟೂ ಸದ್ದು ಜೋರು. ಮೂರೂ ಪಿಕಪ್ ಎತ್ತಿದೆ, ಒಂದೊಂದು ಸ್ಕ್ರೂಗೆ ಮೂರು ಮೂರು ಸುತ್ತು. ನನಗೆ ನುಡಿಸಲು ಬರುವುದೇ ನಾಲ್ಕು ಸ್ವರಗುಚ್ಛ, ಗಿಟಾರಿನ ಕುತ್ತಿಗೆಯ ತುದಿಯಲ್ಲಿ, ಕೆಳಗಿನ ಸ್ವರಗಳಲ್ಲಿ. ಅವನ್ನೇ ನುಡಿಸಿ ನೋಡಿದೆ. ಮೆಲ್ಲಗೆ ಮುಟ್ಟಿದರೂ ದನಿ ಬಂತು. ಪೆಟ್ಟಿಗೆ ಮುಚ್ಚಿ, ಸ್ಕ್ರೂ ಡ್ರೈವರ್ ಕಿಸೆಗೆ ಹಾಕಿಕೊಂಡು ಕಳ್ಳಿಯ ಹಾಗೆ ಈಚೆ ಬಂದೆ.

ಹೇಳಿದರೆ ಒಪ್ಪುವ ಆಸಾಮಿಯೇ ಅಲ್ಲ. ಹೇಳದೇ ಮಾಡುವುದೇ ವಾಸಿ.

ಫೆಬ್ರವರಿ 15, ಶನಿವಾರ

ಗೋಡೆಯಾಚೆಯಿಂದ ಬಾಗಿಲು ಬಡಿದ ಹಾಗೆ ಸದ್ದು! ಒಂದು ಗಂಟೆ ನುಡಿಸಿದರು. ಹೊರಗೆ ಬಂದವರೇ ನನ್ನನ್ನು ಕೇಳದೆ ನನಗೆ ಟೀ ಮಾಡಿಕೊಟ್ಟರು. ಸಕ್ಕರೆ ಹೆಚ್ಚಾಗಿತ್ತು. ಪೂರ್ತಿ ಕುಡಿದೆ.

ಫೆಬ್ರವರಿ 19, ಬುಧವಾರ

"ತಂತಿ ಹಳೇದಾಗಿರಬೇಕು" ಎಂದರು. ಕೆಳಗಿನ ಸ್ವರ ಸರಿಯಾಗಿದೆಯಂತೆ, ಮೇಲಿನ ಸ್ವರಕ್ಕೆ ಹೋದ ಹಾಗೆ ನಡುಗುತ್ತದಂತೆ, ಒಂದರಲ್ಲಿ ಎರಡು ಸ್ವರ ಇದ್ದ ಹಾಗೆ. ಹೊಸ ತಂತಿ ಕೊಟ್ಟೆ. ಒಂದೇ ಕೈಯಲ್ಲಿ ಆಗದೆ, "ಹಾಕಿಕೊಡು, ಬೇರೇನೂ ಮುಟ್ಟಬೇಡ" ಎಂದರು. ನಾನು ತಲೆ ತಗ್ಗಿಸಿಕೊಂಡು ತಂತಿ ಹಾಕಿದೆ.

ಸಂಜೆ ಮತ್ತೆ ಅದೇ ದೂರು. ಮುರಿದ ಕೈ, ಎರಡು ತಿಂಗಳು ಅಭ್ಯಾಸವಿಲ್ಲ, ವಯಸ್ಸು ಅರವತ್ತೇಳು. ಬೆರಳು ಸ್ವಲ್ಪ ಆಚೀಚೆ ಕೂರುತ್ತಿರಬೇಕು ಎಂದುಕೊಂಡೆ. ಬಾಯಲ್ಲಿ ಮಾತ್ರ "ಸರಿಹೋಗುತ್ತೆ ಬಿಡಿ ಅತ್ತೆ" ಎಂದೆ.

ಫೆಬ್ರವರಿ 24, ಸೋಮವಾರ

ಇವತ್ತು ಅತ್ತೆ ಡ್ರಮ್ಮಣ್ಣನಿಗೆ ಫೋನ್ ಮಾಡಿದರು. ಆರ್ಕೆಸ್ಟ್ರಾದ ಯಜಮಾನ ಅವರೇ, ಡ್ರಮ್ ಬಾರಿಸುವವರೂ ಅವರೇ. ನಾನು ಅಡುಗೆಮನೆಯಲ್ಲಿದ್ದೆ, ಮಾತು ಕೇಳಿಸುತ್ತಿತ್ತು.

"ಕೈ ಪರವಾಗಿಲ್ಲಪ್ಪ. ಕಿವಿ ಹೋಯ್ತು. ಸ್ವರ ತಪ್ಪುತ್ತಾ ಇದೆ, ಎಲ್ಲಿ ತಪ್ಪುತ್ತಾ ಇದೆ ಅಂತ ಗೊತ್ತಾಗ್ತಿಲ್ಲ. ಕೈ ಹೋದ್ರೆ ಕಾಯಬಹುದು. ಕಿವಿ ಹೋದವಳು ವೇದಿಕೆ ಹತ್ತಬಾರದು. ಬೇರೆ ಯಾರನ್ನಾದ್ರೂ ನೋಡ್ಕೋ."

ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ಮಧ್ಯಾಹ್ನವೆಲ್ಲ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದರು. ಯಾರು ಬಂದರೂ "ಹೂಂ" ಎನ್ನಲಿಲ್ಲ. ಆ "ಹೂಂ" ಇಲ್ಲದೆ ನನಗೆ ಕೆಲಸವೇ ಓಡಲಿಲ್ಲ.

ಫೆಬ್ರವರಿ 27, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ಬೆಳಿಗ್ಗೆ ಹಲ್ಲಿನ ಡಾಕ್ಟರು ಗಿಟಾರ್ ಹೊತ್ತು ಬಂದರು. ಹೊಸ ಪಿಕಪ್ ಕೆಟ್ಟಿದೆಯಂತೆ. ಮೇಲಿನ ಸ್ವರ ಅಳುತ್ತದಂತೆ. ನೋಡಿದರೆ ಪಿಕಪ್ ತಂತಿಗೆ ಅಂಟಿಕೊಂಡ ಹಾಗೆ ಮೇಲೆದ್ದು ನಿಂತಿದೆ. "ಸ್ವಲ್ಪ ಜೋರು ಇರಲಿ ಅಂತ ನಾನೇ ತಿರುಗಿಸಿದೆ" ಎಂದು ಹಲ್ಲು ಕಿರಿದರು. ನಾನು ತರಾಟೆಗೆ ತೆಗೆದುಕೊಂಡೆ. "ಅಲ್ಲ ಡಾಕ್ಟ್ರೇ, ಅದರಲ್ಲಿರೋದು ಮ್ಯಾಗ್ನೆಟ್ ಅಲ್ವಾ? ಅಷ್ಟು ಹತ್ತಿರ ತಂದ್ರೆ ತಂತಿಯನ್ನ ಎಳೆಯುತ್ತೆ. ಎಳೆದ್ರೆ ತಂತಿ ನೆಟ್ಟಗೆ ಕುಣಿಯಲ್ಲ. ಕೆಳಗೆ ಗೊತ್ತಾಗಲ್ಲ, ಮೇಲೆ ಹೋದ ಹಾಗೆ ಸ್ವರ ನಡುಗುತ್ತೆ, ಒಂದರಲ್ಲಿ ಎರಡು ಇದ್ದ ಹಾಗೆ..."

ಅಲ್ಲಿಗೆ ನಾಲಿಗೆ ನಿಂತಿತು. ಅತ್ತೆ ಹೇಳಿದ ಮಾತನ್ನೇ ನಾನು ಅಕ್ಷರ ಬಿಡದೆ ಹೇಳುತ್ತಿದ್ದೆ. ಕುರ್ಚಿಯ ಕಡೆ ನೋಡಿದೆ. ಪುಣ್ಯಕ್ಕೆ ಖಾಲಿ ಇತ್ತು, ಫಿಸಿಯೋಥೆರಪಿಗೆ ಹೋಗಿದ್ದರು.

ಇಪ್ಪತ್ತು ವರ್ಷದಿಂದ ಇದೇ ಕಸುಬು. ಬೇರೆಯವರ ಗಿಟಾರ್ ಆಗಿದ್ದರೆ ಒಂದೇ ನಿಮಿಷಕ್ಕೆ ಹಿಡಿಯುತ್ತಿದ್ದೆ. ಅತ್ತೆಯ ವಿಷಯದಲ್ಲಿ ಮಾತ್ರ ಮೇಲಿನ ಸ್ವರ ನುಡಿಸಿ ನೋಡಲೂ ಇಲ್ಲ, ದೂರು ಕೇಳಿದಾಗ ಗಿಟಾರನ್ನು ಅನುಮಾನಿಸಲೂ ಇಲ್ಲ. ಮುದುಕಿಗೆ ಆಗುತ್ತಿಲ್ಲ ಎಂದು ಅವರಿಗಿಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವರ ಕಿವಿ ಬಂಗಾರದ ಹಾಗೆ ಸರಿಯಾಗಿತ್ತು.

ಈಗಲೇ ಹೋಗಿ ಗುಟ್ಟಾಗಿ ಸ್ಕ್ರೂ ಇಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ಸಲ ಮಂಚದ ತನಕ ಹೋಗಿ ಬಂದೆ.

ಫೆಬ್ರವರಿ 28, ಶುಕ್ರವಾರ

ಹೇಳಿದೆ.

ಅತ್ತೆ ಅಡುಗೆಮನೆಯಲ್ಲಿ ಎಡಗೈಯಲ್ಲಿ ಬಟಾಣಿ ಸುಲಿಯುತ್ತಿದ್ದರು. ಎದುರು ಕೂತು, ಸ್ಕ್ರೂ ಡ್ರೈವರ್ ಮೇಜಿನ ಮೇಲಿಟ್ಟು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರ ಕೈ ನಿಂತಿತು.

"ಎಷ್ಟು ದಿನ ಆಯ್ತು?"

"ಹದಿನಾಲ್ಕು."

"ಹದಿನಾಲ್ಕು ದಿನ ನನ್ನ ಕಿವಿಯನ್ನ ನಾನು ಬೈದಿದ್ದೀನಿ." ಆಮೇಲೆ ನನ್ನ ಮುಖ ನೋಡಿದರು. "ನೀನೂ ನಂಬಿದ್ಯಾ? ನನಗೆ ಆಗಲ್ಲ ಅಂತ?"

ಇಲ್ಲ ಎನ್ನಬಹುದಿತ್ತು. "ಹೂಂ ಅತ್ತೆ, ನಂಬಿದ್ದೆ" ಎಂದೆ.

ಬಟಾಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಕೇಳಿದ್ರೆ ಬೇಡ ಅಂತಿದ್ದೆ, ಅದು ನಿಜ. ಆದ್ರೂ ಕೇಳ್ಬೇಕಿತ್ತು" ಎಂದರು. ಎದ್ದು ಸ್ಕ್ರೂ ಡ್ರೈವರ್ ತೆಗೆದುಕೊಂಡು ಕೋಣೆಗೆ ಹೋದರು. ಬಾಗಿಲ ಹತ್ತಿರ ನಿಂತು, ತಿರುಗದೆಯೇ, "ಡ್ರಮ್ಮಣ್ಣನಿಗೆ ಫೋನ್ ನೀನೇ ಮಾಡು" ಎಂದರು.

ಮಾಡಿದೆ. ತಪ್ಪು ನನ್ನದು, ಅವರ ಜಾಗ ಅವರಿಗೇ ಬೇಕು ಎಂದೆ. ಡ್ರಮ್ಮಣ್ಣ ನಕ್ಕುಬಿಟ್ಟರು. "ನಾನು ಬೇರೆ ಯಾರನ್ನೂ ಕೇಳೇ ಇಲ್ಲಮ್ಮ. ಆಯಮ್ಮನ ಕಿವಿ ಹೋಗೋ ಕಾಲಕ್ಕೆ ನಾವೆಲ್ಲ ಇರ್ತೀವಾ?"

ಫೋನ್ ಇಟ್ಟು ಅತ್ತುಬಿಟ್ಟೆ. ಅತ್ತೆಗೆ ಆಗಲ್ಲ ಎಂದು ಡ್ರಮ್ಮಣ್ಣ ನಂಬಲೇ ಇಲ್ಲ, ನಾನು ಎಷ್ಟು ಸುಲಭವಾಗಿ ನಂಬಿಬಿಟ್ಟೆ.

ಮಾರ್ಚ್ 1, ಶನಿವಾರ

ಮಾತಿಲ್ಲ. ಇಬ್ಬರ ನಡುವೆ ಇವರು ಪೋಸ್ಟ್‌ಮ್ಯಾನ್ ಆಗಿದ್ದಾರೆ. "ಅಮ್ಮ ಉಪ್ಪು ಕೇಳ್ತಿದ್ದಾಳೆ." ಉಪ್ಪು ನನ್ನ ಮುಂದೆಯೇ ಇತ್ತು, ಅಮ್ಮ ಎದುರಿಗೇ ಇದ್ದರು.

ಮಾರ್ಚ್ 3, ಸೋಮವಾರ

ಅಂಗಡಿ ತೆರೆದ ಕೂಡಲೇ ಅತ್ತೆ ಗಿಟಾರ್ ಪೆಟ್ಟಿಗೆ ಹಿಡಿದು ಬೀದಿಯ ಬಾಗಿಲಿನಿಂದ ಒಳಗೆ ಬಂದರು. ಒಳಗಿನಿಂದ ಬರಬಹುದಿತ್ತು, ಮನೆಯನ್ನೇ ಸುತ್ತಿ ಬಂದಿದ್ದರು. ಮೂಲೆಯ ಕುರ್ಚಿಗೆ ಹೋಗದೆ ಗಿರಾಕಿಗಳ ಸ್ಟೂಲ್ ಮೇಲೆ ಕೂತರು. ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಕೇಳು" ಎಂದರು.

"ಏನು ಕೇಳಲಿ ಅತ್ತೆ?"

"ಬೀದಿಲಿ ಹೋಗೋರನ್ನೆಲ್ಲ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳ್ತೀಯಲ್ಲ. ನನ್ನನ್ನ ಒಂದಾದ್ರೂ ಕೇಳಿದ್ಯಾ?"

ಚೀಟಿಯ ಪುಸ್ತಕ ತೆಗೆದೆ. ಒಂದೊಂದಾಗಿ ಕೇಳಿದೆ. ಎಲ್ಲಿ ನುಡಿಸ್ತೀರಿ?

"ಹದಿನಾರನೇ ತಾರೀಕು ವೇದಿಕೆ ಮೇಲೆ. ಆಮೇಲೆ ಎಲ್ಲಿ ಬಿಡ್ತಾರೋ ಅಲ್ಲಿ."

ಎಷ್ಟು ಜೋರಾಗಿ ಮೀಟ್ತೀರಿ?

ಬಲಗೈ ನೋಡಿಕೊಂಡರು. "ಮೊದಲು ಜಗಳಕ್ಕೆ ಹೋದ ಹಾಗೆ. ಈಗ ಮಲಗಿದ ಮಗುವನ್ನ ಎಬ್ಬಿಸೋ ಹಾಗೆ. ಜಗಳ ಇನ್ನು ವಾಪಸ್ ಬರಲ್ಲ ಅಂತ ಫಿಸಿಯೋದವಳು ಹೇಳಿದ್ದಾಳೆ. ನಿನ್ನ ಗಂಡನಿಗೆ ಹೇಳಿಲ್ಲ."

ಯಾವ ಸದ್ದು ಕೇಳಿದ್ರೆ ಮೈ ಉರಿಯುತ್ತೆ?

"'ಪಾಪ' ಅನ್ನೋ ಸದ್ದು" ಎಂದರು.

ನಾನು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡೆ, ಎಲ್ಲ ಗಿರಾಕಿಗಳದ್ದನ್ನು ಬರೆದುಕೊಳ್ಳುವ ಹಾಗೆ. 

ಮಾರ್ಚ್ 8, ಶನಿವಾರ

ಅಂಗಡಿಗೆ ಬೀಗ, ಐದು ದಿನದಿಂದ ಅತ್ತೆಯೊಬ್ಬರೇ ಗಿರಾಕಿ. ಲೈಬ್ರರಿಯಾಕೆ ಬಂದು ಬಾಗಿಲು ತಟ್ಟಿದಳು. ಅತ್ತೆ ಕಿಟಕಿಯಲ್ಲಿ ತಲೆ ಹಾಕಿ, "ಶ್, ಇಲ್ಲಿ ಕೆಲಸ ನಡೀತಿದೆ" ಎಂದು ಅವಳಿಗೇ ಹೇಳಿ ಕಳಿಸಿದರು.

ಅವರಿಗೆ ಸುತ್ತುತ್ತಿರುವ ಹೊಸ ಪಿಕಪ್‌ನ ಲೆಕ್ಕಾಚಾರ ಹೀಗೆ: ಕಡಿಮೆ ಶಕ್ತಿಯ ಮ್ಯಾಗ್ನೆಟ್ ಹಾಕಿದರೆ ತಂತಿಗೆ ಹತ್ತಿರ ತಂದರೂ ಅಷ್ಟಾಗಿ ಎಳೆಯುವುದಿಲ್ಲ. ಕಳೆದುಕೊಂಡ ಜೋರನ್ನು ಹೆಚ್ಚು ಸುತ್ತು ಹಾಕಿ ತುಂಬಬೇಕು. ಆದರೆ ಸುತ್ತು ಹೆಚ್ಚಿದಷ್ಟೂ ಸದ್ದಿನ ಹೊಳಪು ಕಡಿಮೆ. ಮೊದಲು ಒಂಬತ್ತೂವರೆ ಸಾವಿರ ಸುತ್ತು ಹಾಕಿದೆ. ಬೇಕಾದಷ್ಟು ಜೋರಾಗಿತ್ತು. ಅತ್ತೆ ಎರಡು ಸಾಲು ನುಡಿಸಿ, "ಕಂಬಳಿ ಹೊದ್ದು ಹಾಡಿದ ಹಾಗಿದೆ" ಎಂದರು. ಬಿಚ್ಚಿ, ಎಂಟೂಕಾಲು ಸಾವಿರಕ್ಕೆ ಇಳಿಸಿದೆ. ಜೋರು ಒಂದಿಷ್ಟು ಹೋಯಿತು.

ಈ ಸಲ ಅರ್ಧ ಗಂಟೆ ನುಡಿಸಿದರು. ಮೆಲ್ಲಗೆ, ಒಂದೊಂದೇ ಸ್ವರವನ್ನು ಇಟ್ಟು ನೋಡುತ್ತ. ಅಂಥ ನುಡಿಸುವಿಕೆ ಅವರಿಂದ ನಾನು ಕೇಳಿರಲಿಲ್ಲ. ಅವರೂ ಕೇಳಿರಲಿಲ್ಲ ಎನಿಸುತ್ತದೆ, ಮಧ್ಯೆ ಮಧ್ಯೆ ನಿಲ್ಲಿಸಿ ಗಿಟಾರನ್ನೇ ನೋಡುತ್ತಿದ್ದರು.

"ಇದೇ ಇರಲಿ ಕಣೆ. ಜೋರು ಕಮ್ಮಿಯಾದ್ರೂ ಸ್ಪಷ್ಟ ಇರಲಿ."

ಎಷ್ಟು ಹತ್ತಿರ ಎತ್ತಬೇಕು ಎಂದು ಕೇಳಿದೆ. "ನೀನು ತಿರುಗಿಸು, ನಾನು ಸಾಕು ಅಂತೀನಿ" ಎಂದರು. ನಾನು ಕಾಲು ಸುತ್ತು ತಿರುಗಿಸುವುದು, ಅವರು ಮೇಲಿನ ಸ್ವರ ಮೀಟಿ ಕಣ್ಣು ಮುಚ್ಚುವುದು. ಹೀಗೇ ಮಧ್ಯಾಹ್ನ ಕಳೆಯಿತು.

ಮಾರ್ಚ್ 12, ಬುಧವಾರ

ಊಟ ತಣ್ಣಗಾಯಿತೆಂದು ಇವರಿಗೆ ಸಿಟ್ಟು. "ಕರೆದು ಕರೆದು ಗಂಟಲು ಒಣಗಿತು, ಇಬ್ಬರಿಗೂ ಕಿವಿ ಇಲ್ವಾ?" ಎಂದರು. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಪಾಪ, ಇವರಿಗೆ ಏನೂ ಅರ್ಥವಾಗಲಿಲ್ಲ.

ಮಾರ್ಚ್ 16, ಭಾನುವಾರ

ಕಾರ್ಯಕ್ರಮ ಐದಕ್ಕೆ. ಸದ್ದು ಸರಿಮಾಡಿಕೊಳ್ಳಲು ಎರಡಕ್ಕೇ ಸಭಾಂಗಣ ಸೇರಿದೆವು. ಆರುನೂರು ಖಾಲಿ ಕುರ್ಚಿ. ವೇದಿಕೆಯ ಮೇಲೆ ಏಳು ಜನ, ಒಬ್ಬರಿಗೂ ಅರವತ್ತಕ್ಕೆ ಕಡಿಮೆ ಇಲ್ಲ.

"ಇಲ್ಲಿಂದ ನನ್ನ ಸದ್ದು ನನಗೆ ಸರಿಯಾಗಿ ಗೊತ್ತಾಗಲ್ಲ" ಎಂದರು ಅತ್ತೆ. "ನೀನು ನಡುವೆ ಹೋಗಿ ನಿಂತ್ಕೋ. ಕೇಳಿದ್ದನ್ನ ಕೇಳಿದ ಹಾಗೆ ಹೇಳು."

ಎರಡು ಹಾಡು ಚೆನ್ನಾಗಿ ಬಂದವು. ಮೂರನೆಯದರಲ್ಲಿ ಅವರ ಹೆಸರಾಂತ ಜಾಗವೊಂದಿದೆ. ಮೇಲಿನ ಸ್ವರಗಳ ಓಟ, ಎಲ್ಲ ವಾದ್ಯಗಳ ನೆತ್ತಿಯ ಮೇಲೆ ಹತ್ತಿ ಕುಣಿಯುವಂಥದ್ದು. ಜನ ಅದಕ್ಕಾಗಿಯೇ ಬರುತ್ತಾರೆ. ಅಲ್ಲಿ ಅವರ ಸದ್ದು ಮುಳುಗಿಹೋಯಿತು. ಡ್ರಮ್ಮಣ್ಣ ಕೋಲನ್ನು ಮೆತ್ತಗೆ ಮಾಡಿದರು. ಸ್ಯಾಕ್ಸೊಫೋನ್ ಊದುವವರು ತಮ್ಮ ಬೂಟು ನೋಡುತ್ತ ಉಸಿರು ತಗ್ಗಿಸಿದರು. ಆಗಲೂ ಕೇಳಿಸಲಿಲ್ಲ.

ಹಾಡು ಮುಗಿಯಿತು. ಏಳು ಜನರೂ ನನ್ನ ಕಡೆ ನೋಡಿದರು. ಚೆನ್ನಾಗಿದೆ ಎಂದುಬಿಟ್ಟಿದ್ದರೆ ಎಲ್ಲರಿಗೂ ಹಾಯಾಗುತ್ತಿತ್ತು.

"ಅತ್ತೆ, ಆ ಜಾಗ ಕೇಳಿಸ್ತಿಲ್ಲ" ಎಂದೆ.

"ಆಂಪ್ ಏರಿಸಿದ್ರೆ?"

"ಗುಂಯ್ ಅನ್ನೋದೂ ಏರುತ್ತೆ. ಪಿಕಪ್ ಇದಕ್ಕಿಂತ ಎತ್ತಿದ್ರೆ ಇದೂ ತಂತಿ ಎಳೆಯುತ್ತೆ. ಗಿಟಾರಲ್ಲಿ ಮಾಡೋಕೆ ಇನ್ನೇನೂ ಉಳಿದಿಲ್ಲ. ಆ ಓಟಕ್ಕೆ ಬೇಕಾದ ಬಲ ಈಗ ಕೈಯಲ್ಲಿಲ್ಲ ಅತ್ತೆ."

ನನ್ನ ದನಿ ಆ ಖಾಲಿ ಸಭಾಂಗಣದಲ್ಲಿ ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ ನನಗೇ ಗಾಬರಿಯಾಯಿತು. "ಏನಮ್ಮಾ, ಹೀಗಾ ಮಾತಾಡೋದು ಹಿರಿಯರ ಹತ್ರ?" ಎಂದರು ಡ್ರಮ್ಮಣ್ಣ.

"ನೀನು ಸುಮ್ನಿರು" ಎಂದರು ಅತ್ತೆ. "ನೀನು ಕೋಲು ಮೆತ್ತಗೆ ಮಾಡಿದ್ದು ನನಗೆ ಗೊತ್ತಾಗಿಲ್ಲ ಅಂದ್ಕೊಂಡ್ಯಾ?" ತಂತಿಯ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿದರು. ಆಮೇಲೆ ಸ್ಯಾಕ್ಸೊಫೋನಿನವರ ಕಡೆ ತಿರುಗಿ, "ಆ ಓಟ ನೀನು ಓಡು. ಜೋರಾಗಿ, ನಾಚ್ಕೋಬೇಡ. ನಾನು ಕೆಳಗಿನ ಸ್ವರದಲ್ಲಿ ಜೊತೆಗಿರ್ತೀನಿ" ಎಂದರು.

ಐದಕ್ಕೆ ಪರದೆ ಸರಿಯಿತು. ಕುರ್ಚಿ ಇದ್ದರೂ ನಾನು ಕೂರಲಿಲ್ಲ, ನಡುದಾರಿಯಲ್ಲೇ ನಿಂತು ಕೇಳಿದೆ. ಮೂರನೇ ಹಾಡಿನಲ್ಲಿ ಸ್ಯಾಕ್ಸೊಫೋನ್ ಮೇಲೆ ಹಾರಿತು. ಅದರ ಕೆಳಗೆ ಅತ್ತೆ ಒಂದೊಂದೇ ಸ್ವರ ಇಡುತ್ತ ಬಂದರು. ಯಾರೂ ಅವರಿಗಾಗಿ ಸದ್ದು ತಗ್ಗಿಸಲಿಲ್ಲ. ಆದರೂ ಒಂದೊಂದು ಸ್ವರವೂ ಕೊನೆಯ ಸಾಲಿನವರೆಗೆ ಸ್ಪಷ್ಟವಾಗಿ ಬಂತು. ನಾನು ಅತ್ತುಬಿಟ್ಟೆ, ಕಣ್ಣೊರೆಸಿಕೊಳ್ಳಲೂ ಹೋಗಲಿಲ್ಲ. ಅತ್ತೆಯನ್ನು ನಾನು ಇಷ್ಟು ಪ್ರೀತಿಸುತ್ತೇನೆಂದು ಯಾರಾದರೂ ಮೊದಲೇ ಹೇಳಿದ್ದರೆ ನಗುತ್ತಿದ್ದೆ.

ಮುಗಿದ ಮೇಲೆ ಪರದೆಯ ಹಿಂದೆ ಡ್ರಮ್ಮಣ್ಣ ಕೇಳಿದರು, "ಮುಂದಿನ ವರ್ಷ?"

ಅತ್ತೆ ನನ್ನ ತೋಳು ಹಿಡಿದು ಮುಂದಕ್ಕೆ ತಂದರು. "ಇವಳನ್ನ ಕೇಳು. ನೀವು ಯಾರೂ ನನಗೆ ನಿಜ ಹೇಳಲ್ಲ. ಎಲ್ಲಿವರೆಗೆ ಕೇಳಿಸುತ್ತೋ ಅಲ್ಲಿವರೆಗೆ ನುಡಿಸ್ತೀನಿ. ಸಾಕು ಅನ್ನೋ ದಿನ ಬಂದ್ರೆ ಇವಳು ಹೇಳ್ತಾಳೆ, ನಾನು ನಿಲ್ಲಿಸ್ತೀನಿ." ಆಮೇಲೆ ನನ್ನನ್ನು ಕೇಳಿದರು, "ಹೇಳ್ತೀಯ ತಾನೇ?"

ಹೂಂ ಎಂದೆ.

ಮನೆಗೆ ಬರುವಾಗ ನಾಳೆ ಎಷ್ಟು ಗಂಟೆಗೆ ಟ್ಯಾಕ್ಸಿ ಹೇಳಲಿ ಎಂದು ಇವರು ಕೇಳಿದರು. "ಯಾರಿಗೆ?" ಎಂದೆ. ಇವರು ಫೋನನ್ನು ಜೇಬಿಗೆ ಹಾಕಿಕೊಂಡರು. ಅತ್ತೆ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು.

ಹೂಂ ಎಂದುಬಿಟ್ಟಿದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಅಂಗಡಿಗೆ ಬಂದ ಕೆಲಸಗಳಲ್ಲಿ ಇಷ್ಟು ಭಾರದ್ದು ಇನ್ನೊಂದಿಲ್ಲ. ಆ ದಿನ ಬಂದರೆ ಹೇಳುತ್ತೇನೆ, ಅವರ ಮುಖ ನೋಡಿಕೊಂಡೇ ಹೇಳುತ್ತೇನೆ. ದೇವರೇ, ಅದು ತಡವಾಗಿ ಬರಲಿ.